ಎರಡು ವರದಿಗಳು, ಒಂದು ಘಟ್ಟ
(ಉಪನ್ಯಾಸದ ಲಿಖಿತರೂಪ)



ಪ್ರಸ್ತಾವವೊಂದರ ಉದ್ದೇಶ ಒಳ್ಳೆಯದಾಗಿದ್ದರೆ ಸಾಲದು. ಅದು ಯಾರ ಬದುಕನ್ನು ಮುಟ್ಟುತ್ತದೆಯೋ ಅವರಿಗೆ ಅದು ಮನವರಿಕೆಯಾಗಬೇಕು. ಮಲೆನಾಡಿನವರಿಗೆ ಇದಕ್ಕೆ ಪಶ್ಚಿಮ ಘಟ್ಟದ ಎರಡು ವರದಿಗಳಿಗಿಂತ ಹತ್ತಿರದ ನಿದರ್ಶನ ಬೇರೊಂದಿಲ್ಲ. ಗಾಡ್ಗೀಳ್ ವರದಿ, ಕಸ್ತೂರಿರಂಗನ್ ವರದಿ ಎಂಬ ಹೆಸರುಗಳನ್ನು ಕೇಳದವರಿಲ್ಲ, ಓದಿದವರು ಮಾತ್ರ ವಿರಳ. ಪರವಾಗಿ ಭಾಷಣ ಮಾಡಿದವರಿಗೂ ವಿರೋಧಿಸಿ ರಸ್ತೆ ತಡೆದವರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿ 2010ರಲ್ಲಿ ರಚನೆಯಾಗಿ 2011ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು. ಇಡೀ ಘಟ್ಟಶ್ರೇಣಿಯನ್ನು ಪರಿಸರ ಸೂಕ್ಷ್ಮವೆಂದು ಪರಿಗಣಿಸಿ, ಅದರೊಳಗೆ ಮೂರು ದರ್ಜೆಯ ವಲಯಗಳನ್ನು ಅದು ಸೂಚಿಸಿತು. ವರದಿಯ ದೊಡ್ಡ ಬಲವಿರುವುದು ತನ್ನ ನಿರ್ಣಯವನ್ನು ಅಂತಿಮವೆಂದು ಸಾರದಿರುವುದರಲ್ಲಿ. ಗಡಿಗಳು ಆರಂಭದ ಸೂಚನೆಗಳು, ಅವುಗಳನ್ನು ಗ್ರಾಮಸಭೆಗಳವರೆಗೆ ಒಯ್ದು ಚರ್ಚಿಸಬೇಕು ಎಂಬುದು ಅದರ ನಿಲುವು. ಘಟ್ಟವನ್ನು ಚೌಕಗಳಾಗಿ ವಿಂಗಡಿಸಿ ಅಂಕ ನೀಡಿದ ಕ್ರಮವನ್ನೂ ಅದು ಬಿಚ್ಚಿಟ್ಟಿದೆ. ಲೆಕ್ಕವನ್ನು ತೋರಿಸಿದ ಪ್ರಸ್ತಾವವನ್ನು ಮಾತ್ರ ತಿದ್ದಲು ಸಾಧ್ಯ.

ಆದರೆ ಅದೇ ವರದಿ ಜನರ ಕೈಗೆ ಸಿಗಲಿಲ್ಲ. ಮಾಹಿತಿ ಹಕ್ಕಿನ ಹೋರಾಟ ನ್ಯಾಯಾಲಯದವರೆಗೆ ಹೋದ ಬಳಿಕ, 2012ರ ಮೇ ತಿಂಗಳಲ್ಲಿ ಸಚಿವಾಲಯ ಅದನ್ನು ಪ್ರಕಟಿಸಿತು, ಅದೂ ಇಂಗ್ಲಿಷಿನಲ್ಲಿ. ಈ ದೋಷ ಸಮಿತಿಯದಲ್ಲ. ಸಮಿತಿಯದೇ ಆದ ದೋಷ ಬೇರೊಂದಿದೆ. ಯಾವ ವಲಯದಲ್ಲಿ ಏನು ಸಲ್ಲದು ಎಂಬುದನ್ನು ಅದು ಕೋಷ್ಟಕದಲ್ಲಿ ತಂತಿಯ ಭಾಷೆಯಲ್ಲಿ ಹೇಳಿಬಿಟ್ಟಿತು. ರಾಸಾಯನಿಕ ಕೀಟನಾಶಕಗಳನ್ನು ಮೊದಲ ವಲಯದಲ್ಲಿ 5 ವರ್ಷ, ಎರಡನೆಯದರಲ್ಲಿ 8, ಮೂರನೆಯದರಲ್ಲಿ 10 ವರ್ಷಗಳೊಳಗೆ ನಿಲ್ಲಿಸಬೇಕೆಂಬ ಸಾಲು ಅಂಥದು. ಉದ್ದೇಶ ಸರಿಯಾದುದೇ. ಆದರೆ ಅಡಿಕೆ ತೋಟದವನು ಇದನ್ನು ಓದಿದರೆ ಅವನಿಗೆ ಮೊದಲು ನೆನಪಾಗುವುದು ಕೊಳೆರೋಗ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್‌ರ ಕಾಲದಿಂದ ಮಳೆಗಾಲದ ಮೊದಲು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಕೊನೆಗೌಡನಿಂದ ಹೊಡೆಸಿ ಬೆಳೆ ಉಳಿಸಿಕೊಂಡವರು ಇವರು. ಸಾವಯವ ಕೃಷಿಯ ಮಾನದಂಡಗಳೂ ತಾಮ್ರದ ಈ ಮದ್ದನ್ನು ಮಿತಿಯೊಳಗೆ ಒಪ್ಪುತ್ತವೆ. ಹಾಗಿದ್ದರೆ ಅದು ನಿಲ್ಲುವ ಪಟ್ಟಿಯಲ್ಲಿದೆಯೇ, ಇಲ್ಲವೇ? ಆ ಒಂದು ಸಾಲಿನಿಂದ ಉತ್ತರ ಸಿಗುವುದಿಲ್ಲ. ಉತ್ತರ ಸಿಗದ ಕಡೆ ವದಂತಿ ಬೆಳೆಯುತ್ತದೆ. ರಸಗೊಬ್ಬರದ ವಿಷಯದಲ್ಲಿ ಅದೇ ವರದಿ ಪ್ರೋತ್ಸಾಹಧನದ ಮೂಲಕ ಬದಲಾವಣೆ ತರಬೇಕೆಂದು ಹೇಳಿತ್ತು, ಮಣ್ಣಿನಲ್ಲಿ ಇಂಗಾಲ ಹಿಡಿದಿಟ್ಟ ರೈತನಿಗೆ ಹಣ ಕೊಡಬೇಕೆಂದೂ ಸೂಚಿಸಿತ್ತು. ಆ ಭಾಗ ಯಾವ ಬೀದಿಸಭೆಯಲ್ಲೂ ಸದ್ದು ಮಾಡಲಿಲ್ಲ. ನಿಷೇಧದ ಸಾಲು ಹರಡಿದ ವೇಗದಲ್ಲಿ ನೆರವಿನ ಸಾಲು ಹರಡುವುದಿಲ್ಲವೆಂಬುದನ್ನು ಬರೆಯುವವರು ಮೊದಲೇ ಊಹಿಸಬೇಕಿತ್ತು.

2013ರ ಏಪ್ರಿಲ್‌ನಲ್ಲಿ ಬಂದ ಕಸ್ತೂರಿರಂಗನ್ ಸಮಿತಿಯ ವರದಿಯ ಬಲ ಸ್ಪಷ್ಟತೆ. ಉಪಗ್ರಹ ಚಿತ್ರಗಳ ಆಧಾರದಲ್ಲಿ ಘಟ್ಟದ ಸುಮಾರು 37 ಪ್ರತಿಶತ, ಎಂದರೆ 59,940 ಚದರ ಕಿಲೋಮೀಟರ್, ಸೂಕ್ಷ್ಮ ಪ್ರದೇಶವೆಂದು ಗುರುತಾಯಿತು. ಅದರಲ್ಲಿ ಕರ್ನಾಟಕದ್ದು 20,668. ಊರುಗಳ ಹೆಸರೂ ಪಟ್ಟಿಯಲ್ಲಿವೆ. ನಿಷೇಧಗಳು ಕಡಿಮೆ: ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣವಿದ್ಯುತ್, ಅತಿ ಮಾಲಿನ್ಯದ ಕೈಗಾರಿಕೆ, 20,000 ಚದರ ಮೀಟರ್ ಮೀರಿದ ಕಟ್ಟಡ. ಹೆಂಚಿನ ಮನೆಗೆ ಮಾಳಿಗೆ ಕಟ್ಟುವಂತಿಲ್ಲವೆಂದು ಹೆದರಿಸಿದವರು ಈ ಕೊನೆಯ ಅಂಕಿಯನ್ನು ನೋಡಿರಲಾರರು, ಅಥವಾ ನೋಡಿಯೂ ಹೇಳಿರಲಾರರು.

ದೌರ್ಬಲ್ಯ ಅಳತೆಗೋಲಿನಲ್ಲಿದೆ. ಮನುಷ್ಯ ಬಳಸುವ ನೆಲವೆಲ್ಲ ‘ಸಾಂಸ್ಕೃತಿಕ ಭೂದೃಶ್ಯ’, ಉಳಿದದ್ದು ‘ನೈಸರ್ಗಿಕ’ ಎಂಬ ಗೆರೆ ಎಳೆಯಲಾಯಿತು. ಸೊಪ್ಪಿನಬೆಟ್ಟ ಯಾವ ಕಡೆಗೆ ಸೇರುತ್ತದೆ? ಮೇಲಿನಿಂದ ನೋಡಿದರೆ ಅದು ಕಾಡು. ತೋಟಕ್ಕೆ ಸೊಪ್ಪು, ದರಕು ತರುವವರಿಗೆ ಅದು ತೋಟದ ಅರ್ಧಾಂಗ. ಇನ್ನು ಊರಿನ 20 ಪ್ರತಿಶತ ನೆಲ ಸೂಕ್ಷ್ಮವಾದರೆ ಇಡೀ ಊರು ಸೂಕ್ಷ್ಮ ಎಂಬ ನಿಯಮ. ಆಡಳಿತಕ್ಕೆ ಇದು ಸುಲಭ. ಉಳಿದ 80ರಲ್ಲಿ ಬದುಕುವವನಿಗೆ ಕಾರಣವನ್ನು ಯಾರೂ ಕುಳಿತು ವಿವರಿಸಲಿಲ್ಲ. ಗಾಡ್ಗೀಳ್ ವರದಿ ಗ್ರಾಮಸಭೆಗೆ ಬಿಟ್ಟಿದ್ದ ಮಾತು ಇಲ್ಲಿ ಪಟ್ಟಿಯಾಗಿ ಮೇಲಿನಿಂದ ಇಳಿಯಿತು.

ಪರಿಣಾಮ ಎಲ್ಲರ ಕಣ್ಣ ಮುಂದಿದೆ. 2014ರ ಮಾರ್ಚ್‌ನಲ್ಲಿ ಮೊದಲ ಕರಡು ಅಧಿಸೂಚನೆ. 2024ರ ಜುಲೈ 31ರಂದು ಆರನೆಯದು. ಅದರ ಹಿಂದಿನ ದಿನವಷ್ಟೇ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಊರುಗಳು ಮಣ್ಣಿನಡಿ ಹೋಗಿದ್ದವು. ಅವು ಇರುವ ವೈತಿರಿ ತಾಲೂಕನ್ನು ಗಾಡ್ಗೀಳ್ ಸಮಿತಿ ಮೊದಲ ವಲಯಕ್ಕೆ ಸೇರಿಸಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಈಗ ಊರಿನ ಸರದಿ. ಪ್ರತಿ ಕರಡಿನೊಂದಿಗೆ ಆಕ್ಷೇಪಣೆಗೆ 60 ದಿನಗಳ ಅವಕಾಶವಿರುತ್ತದೆ. ಆಕ್ಷೇಪಣೆಯೂ ಒಂದು ಪ್ರಸ್ತಾವವೇ. ಅದನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಅಚ್ಚು ಹಾಕಿಸಿದ ಒಂದೇ ಮಾದರಿಗೆ ಊರ ಹೆಸರು ತುಂಬಿ, ಸಾಲಾಗಿ ಸಹಿ ಹಾಕಿಸಿದ ಕಾಗದಕ್ಕೆ ಸಂಖ್ಯೆಯ ಬಲವುಂಟು, ವಿಷಯದ ಬಲವಿಲ್ಲ. ‘ವರದಿ ಬೇಡ’ ಎಂದಷ್ಟೇ ಬರೆದವರು ಕ್ವಾರಿಯೂ ಬೇಡವೋ ಬೇಕೋ ಎಂಬುದನ್ನು ಹೇಳಿದಂತಾಗಲಿಲ್ಲ, ಮತ್ತು ಆ ಮೌನದ ಲಾಭ ಕ್ವಾರಿಯವನಿಗೇ. ಎದುರಾಳಿಯ ಗಟ್ಟಿಯಾದ ವಾದ ಇಲ್ಲಿ ಗುಡ್ಡಕುಸಿತ. ಅದಕ್ಕೆ ಒಂದು ಪ್ಯಾರಾದಲ್ಲಾದರೂ ಉತ್ತರಿಸದ ಆಕ್ಷೇಪಣೆಯನ್ನು ದೆಹಲಿಯಲ್ಲಿ ಯಾರೂ ಎರಡನೆಯ ಸಲ ಓದುವುದಿಲ್ಲ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಊರ ನಕ್ಷೆ ತೆಗೆದುಕೊಂಡು ಸರ್ವೆ ನಂಬರಿನ ಪ್ರಕಾರ ತೋಟ, ಗದ್ದೆ, ಸೊಪ್ಪಿನಬೆಟ್ಟ, ಕಾನು, ಹಳ್ಳದ ಹುಟ್ಟು, ಬಿರುಕು ಬಿಟ್ಟ ಗುಡ್ಡ ಇವನ್ನು ಗುರುತಿಸಿ, ಹಿರಿಯರನ್ನು ಕೇಳಿ ಸರಿಪಡಿಸಿ, ಗ್ರಾಮಸಭೆಯ ನಡಾವಳಿಗೆ ಸೇರಿಸುವುದು. ಎಲ್ಲಿ ಮಣ್ಣು ಕೀಳಕೂಡದು, ಎಲ್ಲಿ ದರಕು ಗುಡಿಸುವುದು ನಡೆಯಲೇಬೇಕು ಎಂಬ ಎರಡು ಪಟ್ಟಿಗಳೂ ಆ ನಕ್ಷೆಯೊಡನೆ ಇರಬೇಕು. ಬಿಸಿಲಿನ ದಿನಗಳಲ್ಲಿ ಒಂದೆರಡು ವಾರ ಬೇಕಾದೀತು; ಮಳೆ ಹಿಡಿದ ಮೇಲೆ ಗುಡ್ಡ ಹತ್ತುವುದು ಕಷ್ಟ.