ಎರಡು ಸೀಸೆಗಳ ಸಾಕ್ಷಿ

ಬೆಳಗಿನ ಜಾವ ಅಂಬಲಪಾಡಿಯಿಂದ ಅಜ್ಜರಕಾಡು ಮೈದಾನಕ್ಕೆ ಓಡಲು ಹೋಗುವ ಮಗಳೋ ಮಗನೋ ನಿಮ್ಮ ಮನೆಯಲ್ಲಿರಬಹುದು. ಓಡಿ ಬಂದ ಮೇಲೆ ಹಾಲಿಗೆ ಬೆರೆಸಿ ಕುಡಿಯಲೆಂದು ಯಾರೋ ಹಿತೈಷಿಗಳು ಕೊಟ್ಟ ಪುಡಿಯ ಡಬ್ಬಿಯೂ ಕಪಾಟಿನಲ್ಲಿರಬಹುದು. ಆ ಡಬ್ಬಿಯ ವಿಚಾರವಾಗಿಯೇ ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ನಮ್ಮ ಜಿಲ್ಲೆಯದೇ ಒಂದು ಪ್ರಸಂಗವನ್ನು ನೆನಪಿಸಿಕೊಳ್ಳೋಣ. ಕುಂದಾಪುರ ತಾಲೂಕು ಸಿದ್ದಾಪುರದ ಅಶ್ವಿನಿ ಅಕ್ಕುಂಜಿಯವರು 2010ರಲ್ಲಿ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇ ಓಟದಲ್ಲೂ ಚಿನ್ನ ಗೆದ್ದವರು. ಮರುವರ್ಷ ಅವರ ಮೂತ್ರದ ಮಾದರಿಯಲ್ಲಿ ಮೆಥಾಂಡಿಯೆನೋನ್ ಎಂಬ ನಿಷಿದ್ಧ ಸ್ಟೀರಾಯ್ಡಿನ ಗುರುತು ದೊರೆಯಿತು. ತಮಗರಿವಿಲ್ಲದೆ ಜಿನ್ಸೆಂಗ್ ಮಾತ್ರೆಗಳ ಮೂಲಕ ಅದು ದೇಹವನ್ನು ಸೇರಿತೆಂದು ಅವರೂ ಸಂಗಡಿಗರೂ ವಾದಿಸಿದರು. ಮೊದಲು ವಿಧಿಸಿದ್ದು ಒಂದು ವರ್ಷದ ನಿಷೇಧ. 2012ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು.

ಇಷ್ಟು ದೊಡ್ಡ ತೀರ್ಮಾನಕ್ಕೆ ಆಧಾರವಾದ ಪರೀಕ್ಷೆಯಾದರೂ ಎಂಥದು?

ಕ್ರೀಡಾಪಟುವಿನಿಂದ ಕನಿಷ್ಠ 90 ಮಿಲಿಲೀಟರ್ ಮೂತ್ರವನ್ನು ಪಡೆದು ಎ ಮತ್ತು ಬಿ ಎಂಬ ಎರಡು ಸೀಸೆಗಳಿಗೆ ಹಂಚಿ, ಅವರ ಕಣ್ಣೆದುರಿಗೇ ಮುದ್ರೆ ಹಾಕುತ್ತಾರೆ. ಸೀಸೆಯ ಮೇಲೆ ಹೆಸರಿಲ್ಲ, ಅಂಕೆ ಮಾತ್ರ. ಅದು ಚಿನ್ನ ಗೆದ್ದವರದೋ ಹೊಸಬರದೋ ಎಂಬುದು ಪ್ರಯೋಗಾಲಯದವರಿಗೆ ತಿಳಿಯದು. ಅವರು ಮೊದಲು ಎ ಸೀಸೆಯನ್ನು ತೆರೆಯುತ್ತಾರೆ.

ಮೂತ್ರದಿಂದ ಬೇಕಾದ ಅಂಶಗಳನ್ನು ಬೇರ್ಪಡಿಸಿ, ಬಿಸಿಮಾಡಿ ಆವಿಯಾಗಿಸಿ, ಕೂದಲಿನಷ್ಟು ಸಣ್ಣ ರಂಧ್ರದ ಉದ್ದನೆಯ ಕೊಳವೆಯೊಳಗೆ ಹೀಲಿಯಮ್ ಅನಿಲದ ಜೊತೆ ಹರಿಯಬಿಡುತ್ತಾರೆ. ಉಡುಪಿಯ ರಥಬೀದಿಯನ್ನು ನೆನೆಯಿರಿ. ಒಂದೇ ಬಸ್ಸಿನಿಂದ ಇಳಿದವರಲ್ಲಿ ಕೆಲವರು ಅಂಗಡಿ ಅಂಗಡಿಗೂ ನಿಲ್ಲುತ್ತಾರೆ, ಕೆಲವರು ನೇರವಾಗಿ ನಡೆದುಬಿಡುತ್ತಾರೆ. ಹಾಗೆಯೇ ಕೊಳವೆಯ ಗೋಡೆಗೆ ಹೆಚ್ಚು ಅಂಟಿಕೊಳ್ಳುವ ವಸ್ತು ತಡವಾಗಿಯೂ ಉಳಿದವು ಬೇಗನೆಯೂ ಹೊರಬರುತ್ತವೆ. ಹೊರಬಂದುದಕ್ಕೆ ಎಲೆಕ್ಟ್ರಾನುಗಳ ಪೆಟ್ಟು ಕೊಟ್ಟು ಒಡೆದು, ಚೂರುಗಳನ್ನು ತೂಗುತ್ತಾರೆ. ಒಂದೊಂದು ವಸ್ತುವೂ ಒಡೆಯುವ ಬಗೆ ಬೇರೆ ಬೇರೆ. ಹೊರಬಂದ ಹೊತ್ತೂ ಚೂರುಗಳ ಲೆಕ್ಕವೂ ಎರಡೂ ತಾಳೆಯಾದರೆ ಗುರುತು ಸಿಕ್ಕಂತೆ. ಮಿಲಿಲೀಟರಿನಲ್ಲಿ ಒಂದು ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲಿದ್ದರೂ ಈ ಯಂತ್ರಕ್ಕೆ ಸಾಕು.

ದೇಹವೇ ತಯಾರಿಸುವ ಟೆಸ್ಟೋಸ್ಟೆರೋನಿನಂಥ ವಸ್ತುವನ್ನು ಹೊರಗಿನಿಂದ ಚುಚ್ಚಿಕೊಂಡರೆ ಗತಿಯೇನು? ಅದಕ್ಕೂ ಉಪಾಯವುಂಟು. ಕಾರ್ಖಾನೆಯ ಟೆಸ್ಟೋಸ್ಟೆರೋನ್ ಸಾಮಾನ್ಯವಾಗಿ ಸೋಯಾದಂಥ ಸಸ್ಯಗಳ ಸಾರದಿಂದ ಆಗುತ್ತದೆ. ಅದರಲ್ಲಿ ಭಾರವಾದ ಇಂಗಾಲ, ಎಂದರೆ ಇಂಗಾಲ-13, ನಮ್ಮ ಮೈಯಲ್ಲಿ ಹುಟ್ಟಿದ್ದಕ್ಕಿಂತ ತುಸು ಕಡಿಮೆ. ಆ ಪ್ರಮಾಣವನ್ನು ಅಳೆದರೆ ಮನೆಯದಾವುದು, ಹೊರಗಿನದಾವುದು ಎಂಬುದು ಬಯಲಾಗುತ್ತದೆ.

ಎ ಸೀಸೆಯ ಫಲಿತಾಂಶವನ್ನು ಒಪ್ಪದ ಕ್ರೀಡಾಪಟು ಬಿ ಸೀಸೆಯನ್ನು ತೆರೆಸಬಹುದು. ಆಗ ತಾನೇ ಹೋಗಿ ನೋಡಬಹುದು, ಪ್ರತಿನಿಧಿಯನ್ನೂ ಕಳಿಸಬಹುದು. ಎರಡನೆಯ ಸಾಕ್ಷಿ ಮೊದಲನೆಯದನ್ನು ಸಮರ್ಥಿಸದಿದ್ದರೆ ಎ ಸೀಸೆಯ ಫಲಿತಾಂಶ ನಿಲ್ಲದು.

ಆದರೆ ಒಂದು ಸಂಗತಿಯನ್ನು ಮರೆಯದಿರಿ. ಮೈಯೊಳಗೆ ಏನಿತ್ತೆಂದು ಯಂತ್ರ ಹೇಳುತ್ತದೆ. ಯಾರು ಕೊಟ್ಟರು, ತಿಳಿದು ಕುಡಿದದ್ದೋ ತಿಳಿಯದೆಯೋ ಎಂಬುದನ್ನು ಹೇಳಲಾರದು. ನಿಯಮವಾದರೋ ದೇಹದಲ್ಲಿ ಸಿಕ್ಕ ವಸ್ತುವಿಗೆ ಕ್ರೀಡಾಪಟುವನ್ನೇ ಹೊಣೆಯಾಗಿಸುತ್ತದೆ. ಅರಿಯದೆ ಆದದ್ದೆಂದು ತೋರಿಸಿಕೊಟ್ಟರೆ ಶಿಕ್ಷೆ ಇಳಿಯಬಹುದು, ಆದರೆ ವಿಚಾರಿಸದೆ ನುಂಗಿದವರಿಗೆ ಆ ರಿಯಾಯಿತಿ ಸುಲಭವಲ್ಲ. ಅಶ್ವಿನಿಯವರು ನಿಷೇಧದ ಅವಧಿ ಮುಗಿಸಿ ಮತ್ತೆ ಓಟಕ್ಕೆ ಮರಳಿದರು, ನಿಜ. ಆದರೆ ಓಟಗಾರ್ತಿಯ ಪ್ರಾಯದ ಎರಡು ವರ್ಷಗಳನ್ನು ಹಿಂದಕ್ಕೆ ಕೊಡುವವರು ಯಾರು?

ಆದ್ದರಿಂದ ತಾಯಂದಿರೇ, ತಂದೆಯವರೇ, ಶಕ್ತಿಯ ಪುಡಿಯೆಂದೋ ಬೇರಿನ ಮಾತ್ರೆಯೆಂದೋ ಯಾರಾದರೂ ಕೊಟ್ಟರೆ ಮೊದಲು ವಿಚಾರಿಸಿ. ಕೆಮ್ಮಿಗೆ, ನೆಗಡಿಗೆ ಮದ್ದು ಬರೆಸುವಾಗಲೂ ಹುಡುಗಿ ಸ್ಪರ್ಧೆಗೆ ಓಡುವವಳೆಂದು ವೈದ್ಯರಿಗೆ ತಿಳಿಸಿ. ನಿಷಿದ್ಧ ಮದ್ದುಗಳ ಪಟ್ಟಿ ವರ್ಷವರ್ಷವೂ ಜನವರಿ 1ರಿಂದ ಹೊಸದಾಗುತ್ತದೆ. ಕಳೆದ ವರ್ಷದ ತಿಳುವಳಿಕೆ ಈ ವರ್ಷಕ್ಕೆ ಸಾಲದು. ಕೊಂಡ ಡಬ್ಬಿಯನ್ನೂ ರಸೀದಿಯನ್ನೂ ಜೋಪಾನವಾಗಿಡಿ.

ಗಂಜಿ, ಮೀನು, ಹೆಸರುಕಾಳು, ಮೊಟ್ಟೆ ತಿಂದು, ಚೆನ್ನಾಗಿ ನಿದ್ದೆಮಾಡಿ ಓಡಿದವರ ಸೀಸೆಗೆ ಯಾವ ಯಂತ್ರದ ಭಯವೂ ಇಲ್ಲ. ನಾಳೆ ಬೆಳಗ್ಗೆ ಮಗಳು ಮೈದಾನಕ್ಕೆ ಹೊರಟ ಮೇಲೆ ಒಮ್ಮೆ ಕಪಾಟಿನ ಬಾಗಿಲು ತೆರೆದು ನೋಡಿ.