ಒಂದು ರೂಪಾಯಿಯ ವಿಮಾನ

(ಯಲ್ಲದಕೆರೆಯಲ್ಲಿ ನೀಡಿದ ಉಪನ್ಯಾಸದ ಪಾಠ)

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರಾತ್ರಿ ಬಸ್ಸುಗಳು ಹಿರಿಯೂರನ್ನು ಹಾದೇ ಹೋಗುತ್ತವೆ. 2003ರಲ್ಲಿ ಕನ್ನಡಿಗನೊಬ್ಬ ಆ ಬಸ್ಸಿನ ಪ್ರಯಾಣಿಕರ ಮೇಲೆಯೇ ಕಣ್ಣಿಟ್ಟು ವಿಮಾನ ಹಾರಿಸಿದ. ಏರ್ ಡೆಕ್ಕನ್ ಕಂಪೆನಿಯ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದು.

ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನವರು. ಸೈನ್ಯ ಬಿಟ್ಟು ಬಂದು ಜಾವಗಲ್ ಬಳಿ ರೇಷ್ಮೆ ಬೆಳೆದರು. ಅನಂತರ ಹೆಲಿಕಾಪ್ಟರ್ ಕಂಪೆನಿ, ಆಮೇಲೆ ವಿಮಾನ. ಕಾಲ ಅನುಕೂಲವಾಗಿತ್ತೇ? ಇಲ್ಲ. 1990ರ ದಶಕದಲ್ಲಿ ಖಾಸಗಿಯವರಿಗೆ ಆಕಾಶ ತೆರೆದಾಗ ಹುಟ್ಟಿದ ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಎಲ್ಲವೂ ಆ ದಶಕ ಮುಗಿಯುವ ಮೊದಲೇ ಮರೆಯಾಗಿದ್ದವು. ಉಳಿದವರು ಶ್ರೀಮಂತರಿಗಾಗಿ, ಕಂಪೆನಿ ಖರ್ಚಿನಲ್ಲಿ ಓಡಾಡುವವರಿಗಾಗಿ ಪರಸ್ಪರ ಕಿತ್ತಾಡುತ್ತಿದ್ದರು.

ಗೋಪಿನಾಥ್ ಆ ಗಿರಾಕಿಯನ್ನು ಬಿಟ್ಟರು. ಅಮೆರಿಕದ ಸೌತ್‌ವೆಸ್ಟ್, ಐರ್ಲೆಂಡಿನ ರೈನೇರ್ ತೋರಿಸಿದ ದಾರಿಯಲ್ಲಿ ಊಟ ಕಿತ್ತುಹಾಕಿದರು. ನೀರು ಬೇಕಾದರೂ ದುಡ್ಡು ಕೊಡಬೇಕು. ಟಿಕೆಟನ್ನು ಇಂಟರ್‌ನೆಟ್‌ನಲ್ಲಿ, ದೂರವಾಣಿಯಲ್ಲಿ ಮಾರಿದರು. ಕ್ರೆಡಿಟ್ ಕಾರ್ಡು ಇಲ್ಲದವರ ದೇಶವಲ್ಲವೆ ಇದು, ಪೆಟ್ರೋಲ್ ಬಂಕಿನಲ್ಲೂ ಟಿಕೆಟ್ ಸಿಗುವಂತಾಯಿತು. ಲಾಂಛನಕ್ಕೆ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರ 'ಕಾಮನ್ ಮ್ಯಾನ್'! ಚೌಕಳಿ ಕೋಟಿನ ಆ ಬೋಳುತಲೆಯ ಮುದುಕನೇ ನೂರು ಜಾಹೀರಾತಿನ ಕೆಲಸ ಮಾಡಿದ.

ಇನ್ನು ಒಂದು ರೂಪಾಯಿ ಟಿಕೆಟ್ಟಿನ ಗುಟ್ಟು. ಸಂತೆಯಲ್ಲಿ ಸೊಪ್ಪು ಬೆಳಿಗ್ಗೆ ತುಟ್ಟಿ, ಸಂಜೆ ಅಗ್ಗ. ವಿಮಾನದ ಸೀಟೂ ಬಾಡುವ ಸರಕೇ. ಬಾಗಿಲು ಮುಚ್ಚಿದ ಮೇಲೆ ಖಾಲಿ ಸೀಟಿಗೆ ಕಾಸಿನ ಬೆಲೆಯಿಲ್ಲ. ಆದರೆ ಇಲ್ಲಿ ಲೆಕ್ಕ ತಿರುಗುಮುರುಗು. ತಿಂಗಳುಗಟ್ಟಲೆ ಮೊದಲೇ ಕೊಳ್ಳುವವನಿಗೆ ಬಸ್ಸು, ರೈಲುಗಳ ಆಯ್ಕೆಯೂ ಇದೆ, ಅವನನ್ನು ಸೆಳೆಯಲು ಬೆಲೆ ಇಳಿಸಬೇಕು. ನಾಳೆಯೇ ಹೋಗಲೇಬೇಕಾದವನು ಕೇಳಿದಷ್ಟು ಕೊಡುತ್ತಾನೆ. ಹಾಗಾಗಿ ಒಂದು ರೂಪಾಯಿಗೆ ಸಿಕ್ಕುತ್ತಿದ್ದುದು ಕೆಲವೇ ಸೀಟು, ತೆರಿಗೆ ಬೇರೆ. ಪಕ್ಕದ ಸೀಟಿನವನು ಸಾವಿರಾರು ರೂಪಾಯಿ ತೆತ್ತಿರಬಹುದು. ಆದರೆ ಊರೂರಲ್ಲಿ ಮಾತಾದದ್ದು ಆ ಒಂದು ರೂಪಾಯಿಯೇ.

ಜನ ಬಂದರು, ಹಣ ಸಾಲಲಿಲ್ಲ. ಸಣ್ಣ ಊರುಗಳಿಗೆ 48 ಸೀಟಿನ ಎಟಿಆರ್, ದೊಡ್ಡ ನಗರಗಳಿಗೆ ಏರ್‌ಬಸ್ ಎಂದು ಎರಡು ಬಗೆಯ ವಿಮಾನ ಇಟ್ಟುಕೊಂಡದ್ದರಿಂದ ಪೈಲಟ್, ಬಿಡಿಭಾಗ, ದುರಸ್ತಿ ಎಲ್ಲವೂ ಎರಡೆರಡು. 2006ರಲ್ಲಿ ಹಾರಾಟ ಆರಂಭಿಸಿದ ಇಂಡಿಗೊ ಆಗ ಏರ್‌ಬಸ್ ಎ-320 ಒಂದನ್ನೇ ನೆಚ್ಚಿತು. ಅಗ್ಗದ ದರವನ್ನು ಡೆಕ್ಕನ್ ಕಲಿಸಿತು, ಅಗ್ಗದ ಖರ್ಚನ್ನು ಮಾತ್ರ ತಾನು ಕಲಿಯಲಿಲ್ಲ ಎಂದರೆ ಕಟುವಾದೀತು, ಸುಳ್ಳಾಗದು. ಇಂಧನದ ಬೆಲೆಯೂ ಏರುತ್ತಿತ್ತು.

2007ರಲ್ಲಿ ವಿಜಯ್ ಮಲ್ಯರ ಸಮೂಹ ಶೇ. 26ರಷ್ಟು ಷೇರು ಕೊಂಡಿತು. ಮರುವರ್ಷ ಡೆಕ್ಕನ್ 'ಕಿಂಗ್‌ಫಿಷರ್ ರೆಡ್' ಆಯಿತು. ವಿಲಾಸವನ್ನೇ ಮಾರುವ ಮನೆಗೆ ಮಿತವ್ಯಯದ ಸೊಸೆ! 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ವಿಮಾನಗಳೆಲ್ಲ ನೆಲ ಹಿಡಿದವು. 'ಉಡಾನ್' ಯೋಜನೆಯಡಿ 2017ರಲ್ಲಿ ಏರ್ ಡೆಕ್ಕನ್ ಹೆಸರು ಮತ್ತೆ ಹಾರಿತು. ಕೊರೊನಾ ಬಂದ 2020ರ ಏಪ್ರಿಲ್‌ನಲ್ಲಿ ಅದೂ ನಿಂತಿತು.