ತಾಯಂದಿರಿಗೂ ಬೇಕು ಏಕಾಂತ

(ಕುಪ್ಪೇಲೂರಿನಲ್ಲಿ ಶ್ರಾವಣ ಮಾಸದ ಶರಣ ಚಿಂತನೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನನಗೆ ಕೊಟ್ಟ ವಿಷಯ ‘ಏಕಾಂತ’. ನಾನು ಪಂಡಿತನಲ್ಲ, ಈ ಭಾಗದಲ್ಲೇ ಒಕ್ಕಲುತನ ಮಾಡಿಕೊಂಡಿರುವವನು. ಆದ್ದರಿಂದ ಗ್ರಂಥದ ಮಾತಿಗಿಂತ ನನ್ನ ಮನೆಯ ಮಾತನ್ನೇ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ಇಷ್ಟಲಿಂಗ ಪೂಜೆಯನ್ನು 25 ವರ್ಷಗಳಿಂದ ತಪ್ಪಿಸಿದವನಲ್ಲ ನಾನು. ಬೆಳಿಗ್ಗೆ ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಅರ್ಧ ಗಂಟೆ ಕೂಡ್ರುತ್ತಿದ್ದೆ. ಮನೆಯೆಲ್ಲ ಸುಮ್ಮನಿರಬೇಕು, ಮಕ್ಕಳು ದನಿ ಎತ್ತಬಾರದು. ಆದರೆ ಪತ್ರಿ ಬೇಕಾದರೆ, ವಿಭೂತಿ ಬೇಕಾದರೆ ನಾನೇ ಮನೆಯಾಕೆಯನ್ನು ಕೂಗುತ್ತಿದ್ದೆ. ಆಕೆ ಒಲೆ ಬಿಟ್ಟು ಓಡಿ ಬರುತ್ತಿದ್ದಳು. ಇತ್ತೀಚೆಗೆ ಮಗ್ಗುಲಲ್ಲಿ ಮೊಬೈಲೂ ಬಂದು ಕೂತಿತ್ತು. ಲಿಂಗ ಅಂಗೈಯಲ್ಲಿ, ಮನಸ್ಸು ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದರದಲ್ಲಿ. ಇದಕ್ಕೆ ನಾನು ಏಕಾಂತವೆಂದು ಹೆಸರಿಟ್ಟುಕೊಂಡಿದ್ದೆ.

ಒಂದು ದಿನ ನಸುಕಿನಲ್ಲಿ ಎತ್ತಿಗೆ ಮೇವು ಹಾಕಲು ದನದ ಕೊಟ್ಟಿಗೆಗೆ ಹೋದೆ. ಗ್ವಾದಲಿಯ ಪಕ್ಕದಲ್ಲಿ ಚೀಲ ಹಾಸಿಕೊಂಡು ಮನೆಯಾಕೆ ಕೂತಿದ್ದಳು. ಎಡಗೈಯಲ್ಲಿ ಲಿಂಗ, ಕಣ್ಣು ಅದರ ಮೇಲೆ. “ಇಲ್ಲ್ಯಾಕ ಕುಂತೀ?” ಎಂದು ಕೇಳಿದೆ. “ಇಲ್ಲಿ ನನ್ನ ಯಾರೂ ಕರಿಯಂಗಿಲ್ರೀ” ಎಂದಳು. ಅಷ್ಟೇ ಹೇಳಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು ಎದ್ದಳು. ನಾನು ಹೋಗಿದ್ದರಿಂದ ಆ ಜಾಗವೂ ಆಕೆಗೆ ಇಲ್ಲದಂತಾಯಿತು.

ಶರಣರೆ, ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ.

12ನೇ ಶತಮಾನದಲ್ಲಿ ಬಸವಾದಿ ಶರಣರು ಇಷ್ಟಲಿಂಗವನ್ನು ಕೊಟ್ಟಾಗ ಗಂಡು ಹೆಣ್ಣೆಂಬ ಭೇದ ಮಾಡಲಿಲ್ಲ. ಗುಡಿಗೆ ಹೋಗಬೇಕಿಲ್ಲ, ನಡುವೆ ಪೂಜಾರಿ ಬೇಕಿಲ್ಲ. ಕೂತಲ್ಲೇ ಗುಡಿ. ಅಂಗದ ಮೇಲೆ ಲಿಂಗವಿದ್ದವರಿಗೆ ಸೂತಕವಿಲ್ಲವೆಂದರು. ಮುಟ್ಟಿನ ದಿನಗಳಲ್ಲೂ ಪೂಜೆ ನಿಲ್ಲಬೇಕಿಲ್ಲ. ಸೂತಕದ ಅಡ್ಡಿಯನ್ನು ಶರಣರು ತೆಗೆದರು. ಒಲೆಯ ಅಡ್ಡಿಯನ್ನು ನಾವು ಹಾಗೇ ಇಟ್ಟುಕೊಂಡು ಬಂದೆವು.

ನಮ್ಮ ಈ ಭಾಗದ ಹೆಣ್ಣುಮಕ್ಕಳ ದಿನವನ್ನೊಮ್ಮೆ ನೋಡಿರಿ. ರಾಣೆಬೆನ್ನೂರು ಸೀಮೆ ಬೀಜೋತ್ಪಾದನೆಗೆ ಹೆಸರಾದುದು. ಹತ್ತಿ ಹೊಲದಲ್ಲಿ ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆದರೆ, ಮರುದಿನ ಬೆಳಿಗ್ಗೆ ಆ ಹೂವಿಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು. ಹೊತ್ತು ಮೀರಿದರೆ ಕಾಯಿ ಕಟ್ಟುವುದಿಲ್ಲ. ಒಂದೊಂದು ಹೂವಿಗೂ ಕೈಯಿಂದಲೇ ಆಗಬೇಕಾದ ಈ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಹೊಲಕ್ಕೆ ಹೋಗುವ ಮೊದಲು ರೊಟ್ಟಿ ಬಡಿಯಬೇಕು, ಬುತ್ತಿ ಕಟ್ಟಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು. ಹೂವಿಗೆ ಹೊತ್ತುಂಟು, ಒಲೆಗೆ ಹೊತ್ತುಂಟು. ಆಕೆಯ ಲಿಂಗಕ್ಕೆ ಮಾತ್ರ ಹೊತ್ತಿಲ್ಲ.

‘ಏಕಾಂತವೆಲ್ಲ ಸನ್ಯಾಸಿಗಳಿಗೆ, ನಮಗೆ ಕಾಯಕವೇ ಸಾಕು’ ಎನ್ನುವವರಿದ್ದಾರೆ. ಅಕ್ಕಮಹಾದೇವಿ ಕೊನೆಗೆ ಶ್ರೀಶೈಲದ ಕದಳಿಗೆ ಹೋದದ್ದು ನಿಜ. ಆದರೆ ಎಲ್ಲ ಶರಣೆಯರೂ ಕದಳಿಗೆ ಹೋಗಲಿಲ್ಲ. ಕದಿರೆ ರೆಮ್ಮವ್ವೆ ನೂಲುತ್ತಿದ್ದಳು, ಆಯ್ದಕ್ಕಿ ಲಕ್ಕಮ್ಮನ ಮನೆಯದು ಅಕ್ಕಿ ಆಯುವ ಕಾಯಕ. ನಮ್ಮ ತಾಲೂಕಿನ ಚೌಡಯ್ಯದಾನಪುರದೊಂದಿಗೆ ಹೆಸರು ಬೆಸೆದಿರುವ ಅಂಬಿಗರ ಚೌಡಯ್ಯನವರು ತುಂಗಭದ್ರೆಯಲ್ಲಿ ದೋಣಿ ನಡೆಸಿದವರು. ಇವರೆಲ್ಲ ಕಾಯಕ ಬಿಡದೆ ವಚನ ಬರೆದರು. ಆ ಕಾಲದಲ್ಲಿ 30ಕ್ಕೂ ಹೆಚ್ಚು ವಚನಕಾರ್ತಿಯರು ಆಗಿಹೋದರು. ತನ್ನೊಳಗನ್ನು ತಾನು ನೋಡಿಕೊಳ್ಳಲು ಒಂದು ಗಳಿಗೆಯಾದರೂ ಸಿಗದೆ ಇಂಥ ಮಾತು ಹುಟ್ಟೀತೆ? ಆ ಗಳಿಗೆ ಅವರಿಗೆ ಸಿಕ್ಕಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಸಿಗುತ್ತಿದೆಯೇ?

ಒಂಟಿತನ ಬೇರೆ, ಏಕಾಂತ ಬೇರೆ. ನಮ್ಮ ಮನೆಗಳಲ್ಲಿ ತಾಯಂದಿರು ತುಂಬಿದ ಮನೆಯಲ್ಲೇ ಒಂಟಿಯಾಗಿದ್ದಾರೆ. ದಿನವೆಲ್ಲ ಅವರನ್ನು ಕೂಗುವವರಿದ್ದಾರೆ, ಕೇಳುವವರಿಲ್ಲ. ಏಕಾಂತ ಮಾತ್ರ ಅವರ ಪಾಲಿಗೆ ಬಂದಿಲ್ಲ.

ಕೊಟ್ಟಿಗೆಯ ಆ ದಿನದ ನಂತರ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಮಾಡಿಕೊಂಡೆವು. ಬೆಳಿಗ್ಗೆ ಮೊದಲ ಅರ್ಧ ಗಂಟೆ ಪಡಸಾಲೆಯ ಮಣೆ ಆಕೆಯದು. ಆ ಹೊತ್ತು ಚಹಾ ಕಾಸುವವನು ನಾನು. ಮೊದಲ ದಿನ ಹಾಲು ಉಕ್ಕಿಸಿದೆ. ನಮ್ಮವ್ವ, “ಹೆಂಗಸಿಗೆ ಎಷ್ಟೊತ್ತು ಪೂಜಿ?” ಎಂದು ಗೊಣಗಿದಳು. ಒಂದು ತಿಂಗಳಾದ ಮೇಲೆ ಅದೇ ಅವ್ವ, ಸೊಸೆ ಎದ್ದ ಮಣೆಯ ಮೇಲೆ ತಾನೂ ಹೋಗಿ ಕೂತಳು. 70 ದಾಟಿದ ನನ್ನ ತಾಯಿ ಪಡಸಾಲೆಯ ನಡುವೆ ಕೂತು ನಿಧಾನವಾಗಿ ಲಿಂಗ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಷ್ಟು ವರ್ಷ ಅವಳೂ ಎಲ್ಲಿ ಕೂತು ಪೂಜೆ ಮಾಡಿಕೊಂಡಿದ್ದಳೋ, ನಾನು ಕೇಳಿರಲಿಲ್ಲ.

ಕೊನೆಗೆ ಒಂದು ಮಾತು. ನಾವಿಲ್ಲಿ ಏಕಾಂತದ ವಿಚಾರ ಕೇಳುತ್ತ ಕೂತಿರುವ ಈ ಹೊತ್ತಿನಲ್ಲಿ ಊರ ತಾಯಂದಿರು ಕೆಲವರು ಹಿಂದುಗಡೆ ಪ್ರಸಾದಕ್ಕೆ ರೊಟ್ಟಿ ಬಡಿಯುತ್ತಿದ್ದಾರೆ. ಅಲ್ಲಿಗೆ ಈ ಮೈಕಿನ ದನಿ ಕೇಳುತ್ತಿದೆಯೋ ಇಲ್ಲವೋ. ಇಂದು ಪ್ರಸಾದ ಬಡಿಸುವುದು ಗಂಡಸರ ದಾಸೋಹವಾಗಲಿ, ತಾಯಂದಿರು ಮೊದಲ ಪಂಕ್ತಿಯಲ್ಲಿ ಕೂಡ್ರಲಿ. ನಾಳೆ ಬೆಳಿಗ್ಗೆ ನಿಮ್ಮ ನಿಮ್ಮ ಮನೆಯಲ್ಲಿ ಅರ್ಧ ಗಂಟೆ ಆಕೆಯನ್ನು ಯಾರೂ ಕರೆಯಬೇಡಿರಿ.